ಪರವಾನಗಿಯ ಪರಿಶೀಲನೆ: ಡೆಬಿಯನ್ ವ್ಯವಸ್ಥೆಯ ಚರಿತ್ರೆಯಲ್ಲಿ ಒಂದು ವಿಚಾರ

೧

ನಮ್ಮ ನಾಡಿನ ತಾಮ್ರಶಾಸನಗಳನ್ನು ಓದಿ ಬಲ್ಲವರಿಗೆ ಒಂದು ಸಂಗತಿ ಪರಿಚಿತವಾದುದು. ಅರಸನು ಇಂಥವನಿಗೆ ಇಂಥ ಗ್ರಾಮವನ್ನು ದಾನವಾಗಿ ಕೊಟ್ಟನೆಂದು ಹೇಳಿದ ಮಾತ್ರಕ್ಕೆ ಶಾಸನವು ಮುಗಿಯುವುದಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಒಂದೊಂದಾಗಿ ಎಣಿಸಿ ಹೇಳಿರುತ್ತದೆ. ವಿಜಯನಗರದ ಕಾಲದ ಹಲವು ಶಾಸನಗಳಲ್ಲಿ, ಪ್ರತಿಗ್ರಹಿಯು ಆ ಭೂಮಿಯನ್ನು ಮತ್ತೆ ದಾನಮಾಡಬಹುದು, ಒತ್ತೆಯಿಡಬಹುದು, ವಿಕ್ರಯಿಸಬಹುದು ಎಂಬುದನ್ನೂ ಬೇರೆಯಾಗಿ ಬರೆದಿರುತ್ತದೆ. ತಾನು ಅನುಭವಿಸುವ ಹಕ್ಕು ಒಂದು. ಅದನ್ನು ಅನ್ಯರಿಗೆ ಕೊಡುವ ಹಕ್ಕು ಇನ್ನೊಂದು. ಬರೆಯದೆ ಬಿಟ್ಟ ಹಕ್ಕಿನ ವಿಷಯದಲ್ಲಿ ಮುಂದೆ ವ್ಯಾಜ್ಯ ಹುಟ್ಟೀತೆಂಬ ಅರಿವು ಶಾಸನವನ್ನು ಬರೆದವರಿಗಿತ್ತು.

ಗಣಕಯಂತ್ರದ ತಂತ್ರಾಂಶಗಳಿಗೆ ಜೊತೆಗೂಡಿ ಬರುವ ಪರವಾನಗಿ ಪತ್ರಗಳನ್ನು ಇದೇ ದೃಷ್ಟಿಯಿಂದ ನೋಡಬೇಕೆಂಬುದು ಪ್ರಕೃತ ಲೇಖನದ ಅಭಿಪ್ರಾಯ. ಗಣಕದ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಯಂತ್ರಗಳ ಮತ್ತು ಅವುಗಳನ್ನು ನಿರ್ಮಿಸಿದವರ ಕಥೆಯನ್ನು ಹೇಳಿದ್ದಾರೆ. ಪರವಾನಗಿಯ ಕಥೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಆದರೆ ಲಕ್ಷಾಂತರ ಜನರು ಉಪಯೋಗಿಸುವ ಒಂದು ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶಕ್ಕೆ ಸ್ಥಾನವುಂಟು, ಯಾವುದಕ್ಕೆ ಇಲ್ಲ ಎಂಬುದನ್ನು ಅನೇಕ ವೇಳೆ ತೀರ್ಮಾನಿಸಿದುದು ಅದರ ಗುಣವಲ್ಲ, ಅದರ ಪರವಾನಗಿಯ ಒಂದೆರಡು ವಾಕ್ಯಗಳು. ಇದಕ್ಕೆ ನಿದರ್ಶನವಾಗಿ ನಾವು ಡೆಬಿಯನ್ ಎಂಬ ವ್ಯವಸ್ಥೆಯನ್ನು ತೆಗೆದುಕೊಂಡಿದ್ದೇವೆ. ಪರವಾನಗಿಯ ಪರಿಶೀಲನೆಯನ್ನು ಒಂದು ಕ್ರಮಬದ್ಧವಾದ ಸಂಸ್ಥೆಯಾಗಿ ಬೆಳೆಸಿದ ಕೀರ್ತಿ ಬಹುಮಟ್ಟಿಗೆ ಅದಕ್ಕೆ ಸಲ್ಲುತ್ತದೆ.

೨

ಮೊದಲು ಕಾನೂನಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೧೯೮೦ರ ತಿದ್ದುಪಡಿಯು ಗಣಕದ ಕ್ರಮವಿಧಿಗಳಿಗೆ ಕೃತಿಸ್ವಾಮ್ಯದ ರಕ್ಷಣೆಯುಂಟೆಂಬುದನ್ನು ಸ್ಪಷ್ಟಪಡಿಸಿತು. ಭಾರತದಲ್ಲಿ ೧೯೫೭ರ ಕೃತಿಸ್ವಾಮ್ಯ ಅಧಿನಿಯಮಕ್ಕೆ ೧೯೮೪ರಲ್ಲಿ ಮಾಡಿದ ತಿದ್ದುಪಡಿಯಿಂದ ಅವು ಸಾಹಿತ್ಯಕೃತಿಗಳ ಸಾಲಿಗೆ ಸೇರಿದುವು. ೧೯೮೯ರಲ್ಲಿ ಅಮೆರಿಕವು ಬರ್ನ್ ಒಪ್ಪಂದವನ್ನು ಸೇರಿದ ಮೇಲೆ, ಕೃತಿಯ ಮೇಲೆ ಹಕ್ಕಿನ ಸೂಚನೆಯನ್ನು ಮುದ್ರಿಸದಿದ್ದರೂ ಅಲ್ಲಿ ಹಕ್ಕು ತಾನಾಗಿಯೇ ಉಂಟಾಗುವಂತಾಯಿತು. ಇದರ ಪರಿಣಾಮವನ್ನು ಚೆನ್ನಾಗಿ ಮನಗಾಣಬೇಕು. ಯಾವ ಪರವಾನಗಿಯೂ ಇಲ್ಲದೆ ಎದುರಿಗೆ ಬಿದ್ದಿರುವ ತಂತ್ರಾಂಶವು ಊರಿನ ಗೋಮಾಳವಲ್ಲ, ಬೇಲಿ ಕಾಣಿಸದ ಪರರ ಹೊಲ. ಅದನ್ನು ನಕಲು ಮಾಡುವುದಕ್ಕೂ ತಿದ್ದುವುದಕ್ಕೂ ಹಂಚುವುದಕ್ಕೂ ಒಡೆಯನ ಅನುಮತಿ ಬೇಕು. ಆದುದರಿಂದ ಪರವಾನಗಿ ಕಾಣದಿದ್ದರೆ ಪರಿಶೀಲಕನು ಅದನ್ನು ನಿಷೇಧವೆಂದೇ ಎಣಿಸಬೇಕಾಗುತ್ತದೆ.

ಈ ನಿರ್ಬಂಧದ ಎದುರಿಗೆ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. ೧೯೮೫ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಸ್ಥಾಪಿತವಾಯಿತು. ೧೯೮೯ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿಯ ಮೊದಲನೆಯ ಆವೃತ್ತಿಯೂ ೧೯೯೧ರಲ್ಲಿ ಎರಡನೆಯದೂ ಪ್ರಕಟವಾದುವು. ಜಿ.ಪಿ.ಎಲ್. ಎಂದು ಪ್ರಸಿದ್ಧವಾದ ಈ ಪತ್ರವು ಕೃತಿಸ್ವಾಮ್ಯವನ್ನು ತೊರೆಯುವುದಿಲ್ಲ. ಅದನ್ನೇ ಆಧಾರವಾಗಿಟ್ಟುಕೊಂಡು, ಪಡೆದವನು ತಾನು ಪಡೆದ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡಬೇಕೆಂದು ವಿಧಿಸುತ್ತದೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಶಬ್ದವು ಸ್ವತಂತ್ರ, ಪುಕ್ಕಟೆ ಎಂಬ ಎರಡು ಅರ್ಥಗಳನ್ನೂ ಹೊತ್ತು ಗೊಂದಲವನ್ನುಂಟುಮಾಡಿದೆ. ಕನ್ನಡಕ್ಕೆ ಆ ತೊಡಕಿಲ್ಲ. ಇಲ್ಲಿ ನಾವು ಹೇಳುತ್ತಿರುವುದು ಸ್ವಾತಂತ್ರ್ಯದ ಮಾತು, ಬೆಲೆಯ ಮಾತಲ್ಲ.

ಈ ಭೇದವು ಎಷ್ಟು ಮುಖ್ಯವೆಂಬುದಕ್ಕೆ ಲಿನಕ್ಸಿನ ಆರಂಭವೇ ಸಾಕ್ಷಿ. ೧೯೯೧ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ತಮ್ಮ ಲಿನಕ್ಸ್ ಎಂಬ ತಿರುಳನ್ನು ಹೊರತಂದಾಗ ಅದನ್ನು ಹಂಚುವವರು ಹಣ ತೆಗೆದುಕೊಳ್ಳಕೂಡದೆಂಬ ನಿಯಮವಿತ್ತು. ನೋಡುವುದಕ್ಕೆ ಇದು ಉದಾರವೆಂದೇ ತೋರುತ್ತದೆ. ಆದರೆ ಫ್ಲಾಪಿ ತಟ್ಟೆಗಳಿಗೆ ನಕಲಿಳಿಸಿ ಅಂಚೆಯಲ್ಲಿ ಕಳುಹಿಸುವವನು ತಟ್ಟೆಯ ಬೆಲೆಯನ್ನೂ ಶ್ರಮದ ಫಲವನ್ನೂ ಕೇಳದೆ ಇರುವುದು ಹೇಗೆ? ೧೯೯೨ರಲ್ಲಿ ಅವರು ಆ ನಿಯಮವನ್ನು ಬಿಟ್ಟು ಜಿ.ಪಿ.ಎಲ್. ಪರವಾನಗಿಯನ್ನು ಸ್ವೀಕರಿಸಿದರು. ಮುಂದೆ ಲಿನಕ್ಸ್ ಹರಡಿದ ರೀತಿಗೆ ಈ ಬದಲಾವಣೆಯು ಒಂದು ಮುಖ್ಯ ಕಾರಣವೆಂದು ಭಾವಿಸುವುದು ತಪ್ಪಾಗಲಾರದು.

೩

೧೯೯೩ರ ಆಗಸ್ಟ್ ೧೬ರಂದು ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಇಯನ್ ಮರ್ಡಾಕ್ ಅವರು ಡೆಬಿಯನ್ ಯೋಜನೆಯನ್ನು ಪ್ರಾರಂಭಿಸಿದರು. ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಜನರು ಬರೆದ ತಂತ್ರಾಂಶಗಳನ್ನು ಆರಿಸಿ, ಒಂದಕ್ಕೊಂದು ಹೊಂದುವಂತೆ ಸಿದ್ಧಪಡಿಸಿ, ಪ್ಯಾಕೇಜುಗಳಾಗಿ ಕಟ್ಟಿ, ಒಂದು ಪೂರ್ಣ ವ್ಯವಸ್ಥೆಯಾಗಿ ಜನರಿಗೆ ಕೊಡುವುದು ಅದರ ಕೆಲಸ. ಕೆಲಸಮಾಡುವವರು ಸ್ವಯಂಸೇವಕರು. ಹೀಗೆ ಪರರ ಕೃತಿಗಳನ್ನು ಸಂಗ್ರಹಿಸಿ ಹಂಚುವ ಸಂಸ್ಥೆಗೆ ಪ್ರತಿಯೊಂದು ಕೃತಿಯ ವಿಷಯದಲ್ಲಿಯೂ ಒಂದು ಪ್ರಶ್ನೆ ಎದುರಾಗುವುದು ಸಹಜ: ಇದನ್ನು ಹಂಚಲು ನಮಗೆ ಅಧಿಕಾರವುಂಟೆ? ನಮ್ಮಿಂದ ಪಡೆದವರಿಗೆ ಆ ಅಧಿಕಾರವು ದಾಟುತ್ತದೆಯೆ?

ಮೊದಲ ಕೆಲವು ವರ್ಷಗಳಲ್ಲಿ ಈ ಪ್ರಶ್ನೆಗೆ ಬರೆದಿಟ್ಟ ಉತ್ತರವಿರಲಿಲ್ಲ. ೧೯೯೭ರಲ್ಲಿ ಬ್ರೂಸ್ ಪೆರೆನ್ಸ್ ಅವರು ಕರಡನ್ನು ರಚಿಸಿದರು. ಸದಸ್ಯರು ಅದನ್ನು ಚರ್ಚಿಸಿ ತಿದ್ದಿದರು. ಅದೇ ವರ್ಷ ಜುಲೈ ೫ರಂದು ಡೆಬಿಯನ್ ಸಾಮಾಜಿಕ ಒಡಂಬಡಿಕೆ ಮತ್ತು ಅದರ ಅಂಗವಾದ ಸ್ವತಂತ್ರ ತಂತ್ರಾಂಶದ ಮಾರ್ಗಸೂತ್ರಗಳು ಅಂಗೀಕೃತವಾದುವು. ಸೂತ್ರಗಳು ಹತ್ತು. ಅವುಗಳ ಸಾರವಿಷ್ಟು: ತಂತ್ರಾಂಶವನ್ನು ಯಾರು ಬೇಕಾದರೂ ಹಂಚುವ, ಮಾರುವ ಸ್ವಾತಂತ್ರ್ಯವಿರಬೇಕು; ಸೋರ್ಸ್ ಕೋಡ್ ಎಂದು ರೂಢಿಯಲ್ಲಿರುವ ಆಕರ ಸಂಕೇತವು ದೊರೆಯಬೇಕು; ಅದನ್ನು ತಿದ್ದಿ, ತಿದ್ದಿದುದನ್ನು ಅದೇ ನಿಯಮಗಳ ಮೇಲೆ ಹಂಚಲು ಅವಕಾಶವಿರಬೇಕು; ಯಾವ ವ್ಯಕ್ತಿಗೂ ಪಂಗಡಕ್ಕೂ ಯಾವ ಬಗೆಯ ಉದ್ಯೋಗಕ್ಕೂ ಭೇದವೆಣಿಸಕೂಡದು; ಹಕ್ಕುಗಳು ಡೆಬಿಯನ್ನಿಗೆ ಮಾತ್ರ ಮೀಸಲಾಗಿರದೆ ಪಡೆದವರೆಲ್ಲರಿಗೂ ಸಲ್ಲಬೇಕು; ಜೊತೆಯಲ್ಲಿ ಹಂಚುವ ಬೇರೆ ತಂತ್ರಾಂಶಗಳ ಮೇಲೆ ನಿರ್ಬಂಧ ಹೇರಕೂಡದು. ಕೊನೆಯ ಸೂತ್ರವು ನಿದರ್ಶನವಾಗಿ ಜಿ.ಪಿ.ಎಲ್., ಬಿ.ಎಸ್.ಡಿ. ಮತ್ತು ಆರ್ಟಿಸ್ಟಿಕ್ ಪರವಾನಗಿಗಳನ್ನು ಹೆಸರಿಸುತ್ತದೆ. ಮರುವರ್ಷ, ಎಂದರೆ ೧೯೯೮ರಲ್ಲಿ, ಮುಕ್ತ ಆಕರದ ವ್ಯಾಖ್ಯೆಯೆಂದು ಜಗತ್ತಿಗೆಲ್ಲ ಪರಿಚಿತವಾದ ಪಾಠವು ಈ ಸೂತ್ರಗಳಿಂದಲೇ ರೂಪುಗೊಂಡಿತು.

ಡೆಬಿಯನ್ನಿಗೆ ಮಾತ್ರ ಸಲ್ಲುವ ಹಕ್ಕು ಸಾಲದೆಂಬ ಸೂತ್ರವು ವಿಶೇಷವಾಗಿ ಗಮನಾರ್ಹವಾದುದು. ಯಾವನಾದರೂ ಕರ್ತೃವು ‘ನಿಮಗೆ ಮಾತ್ರ ಅನುಮತಿ ಕೊಟ್ಟಿದ್ದೇನೆ’ ಎಂದರೆ ಸಂಸ್ಥೆಗೆ ಲಾಭವೇ ಸರಿ. ಆದರೂ ಸಂಸ್ಥೆಯು ಅದನ್ನು ಒಲ್ಲೆನೆಂದಿತು. ತನ್ನಿಂದ ಪಡೆದವನು ಮತ್ತೊಬ್ಬನಿಗೆ ಕೊಡಲಾರದ ವಸ್ತುವನ್ನು ಕೊಟ್ಟರೆ, ಅದು ಕೊಟ್ಟಂತಲ್ಲ, ಎರವಲು ಇತ್ತಂತೆ ಎಂಬುದು ಇದರ ತಾತ್ಪರ್ಯ.

೪

ಸೂತ್ರಗಳನ್ನು ರಚಿಸುವುದು ಸುಲಭ, ಅವುಗಳಿಗೆ ಕಟ್ಟುಬಿದ್ದು ನಡೆಯುವುದು ಕಷ್ಟ. ಇದನ್ನು ತೋರಿಸುವ ಮೂರು ನಿದರ್ಶನಗಳನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯದು ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ೧೯೮೯ರಲ್ಲಿ ಹುಟ್ಟಿದ ಪೈನ್ ಎಂಬ ಅಂಚೆಯ ತಂತ್ರಾಂಶ. ಅದರ ಹಳೆಯ ಪರವಾನಗಿಯು ನಕಲು ಮಾಡಲು, ತಿದ್ದಲು ಮತ್ತು ಹಂಚಲು ಅನುಮತಿಯಿದೆಯೆಂದು ಹೇಳುತ್ತಿತ್ತು. ಓದಿದವರು ತಿದ್ದಿದುದನ್ನು ಹಂಚಬಹುದೆಂದು ತಿಳಿದರು. ವಿಶ್ವವಿದ್ಯಾನಿಲಯದ ವ್ಯಾಖ್ಯಾನ ಬೇರೆಯಾಗಿತ್ತು: ತಿದ್ದಬಹುದು, ಹಂಚಲೂಬಹುದು, ಆದರೆ ತಿದ್ದಿದ ರೂಪವನ್ನು ಹಂಚುವ ಅನುಮತಿಯನ್ನು ಕೊಟ್ಟಿಲ್ಲ. ಮೂರು ಕ್ರಿಯಾಪದಗಳನ್ನು ಬಿಡಿಬಿಡಿಯಾಗಿ ಓದಬೇಕೋ ಕೂಡಿಸಿ ಓದಬೇಕೋ ಎಂಬ ವ್ಯಾಕರಣದ ಪ್ರಶ್ನೆಯು ಹೀಗೆ ಹಕ್ಕಿನ ಪ್ರಶ್ನೆಯಾಯಿತು. ಪ್ಯಾಕೇಜು ಕಟ್ಟುವವನು ದೋಷಗಳನ್ನು ತಿದ್ದಿ ತನ್ನ ವ್ಯವಸ್ಥೆಗೆ ಹೊಂದಿಸದೆ ವಿಧಿಯಿಲ್ಲವಾದುದರಿಂದ ಪೈನ್ ಡೆಬಿಯನ್ನಿನ ಮುಖ್ಯ ಭಾಗದಲ್ಲಿ ಸೇರಲಾಗಲಿಲ್ಲ. ಅದರೊಡನೆ ಬರುತ್ತಿದ್ದ ಪೈಕೋ ಎಂಬ ಪಠ್ಯ ಸಂಪಾದಕಕ್ಕೂ ಅದೇ ಗತಿಯಾಯಿತು. ಈ ಕೊರತೆಯನ್ನು ತುಂಬುವುದಕ್ಕಾಗಿ ಕ್ರಿಸ್ ಅಲೆಗ್ರೆಟ್ಟಾ ಅವರು ೧೯೯೯ರಲ್ಲಿ ಹೊಸದಾಗಿ ಬರೆದ ಸಂಪಾದಕವು ೨೦೦೦ದಲ್ಲಿ ನ್ಯಾನೋ ಎಂಬ ಹೆಸರನ್ನು ಪಡೆಯಿತು. ೨೦೦೭ರಲ್ಲಿ ವಿಶ್ವವಿದ್ಯಾನಿಲಯವು ಆಲ್ಪೈನ್ ಎಂಬ ಉತ್ತರಾಧಿಕಾರಿಯನ್ನು ಅಪಾಚೆ ಪರವಾನಗಿಯ ಮೇಲೆ ಹೊರತಂದಾಗ ಈ ವಿವಾದ ತೀರಿತು. ಅಷ್ಟರಲ್ಲಿ ನ್ಯಾನೋ ತನ್ನ ಸ್ಥಾನವನ್ನು ಗಟ್ಟಿಮಾಡಿಕೊಂಡಿತ್ತು.

ಎರಡನೆಯ ನಿದರ್ಶನ ಇದಕ್ಕಿಂತ ಜಟಿಲವಾದುದು, ಮತ್ತು ಹೆಚ್ಚು ನೋವನ್ನುಂಟುಮಾಡಿದುದು. ೧೯೯೬ರಲ್ಲಿ ಮತ್ತಿಯಾಸ್ ಎಟ್ರಿಖ್ ಅವರು ಕೆ.ಡಿ.ಇ. ಎಂಬ ಯೋಜನೆಯನ್ನು ಆರಂಭಿಸಿದರು. ಸಾಮಾನ್ಯ ಜನರೂ ಬಳಸಬಹುದಾದ ಚಿತ್ರರೂಪದ ಮೇಜುಮುಖವನ್ನು ಲಿನಕ್ಸಿಗೆ ಒದಗಿಸುವುದು ಅದರ ಗುರಿ. ಅದಕ್ಕೆ ಆಧಾರವಾಗಿ ನಾರ್ವೆ ದೇಶದ ಟ್ರೋಲ್‌ಟೆಕ್ ಎಂಬ ಸಂಸ್ಥೆಯ ಕ್ಯೂಟಿ ಎಂಬ ಉಪಕರಣ ಸಂಗ್ರಹವನ್ನು ಆರಿಸಿಕೊಂಡರು. ಕ್ಯೂಟಿಯನ್ನು ಬೆಲೆಯಿಲ್ಲದೆ ಬಳಸಬಹುದಾಗಿತ್ತು. ಆದರೆ ತಿದ್ದಿ ಹಂಚುವಂತಿರಲಿಲ್ಲ. ಇತ್ತ ಕೆ.ಡಿ.ಇ.ಯ ಕ್ರಮವಿಧಿಗಳಲ್ಲಿ ಹೆಚ್ಚಿನವು ಜಿ.ಪಿ.ಎಲ್. ಪರವಾನಗಿಯನ್ನು ಹೊತ್ತಿದ್ದುವು. ಸಿದ್ಧವಾದ ಸಮಗ್ರ ಕೃತಿಯೆಲ್ಲ ತನ್ನ ನಿಯಮಗಳ ಮೇಲೆಯೇ ಹಂಚಲ್ಪಡಬೇಕೆಂದು ಜಿ.ಪಿ.ಎಲ್. ವಿಧಿಸುತ್ತದೆ, ಕ್ಯೂಟಿಯ ಪರವಾನಗಿಯು ಅದಕ್ಕೆ ಎಡೆಗೊಡುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಪಾಲಿಸುವುದು ಹಂಚುವವನಿಗೆ ಅಸಾಧ್ಯವಾಯಿತು.

ಕೆ.ಡಿ.ಇ.ಯವರೇ ಆ ಕ್ರಮವಿಧಿಗಳ ಕರ್ತೃಗಳು, ಅವರು ಕ್ಯೂಟಿಯೊಡನೆ ಸೇರಿಸಲು ಒಪ್ಪಿದ್ದಾರೆಂದೇ ತಿಳಿಯಬೇಕಲ್ಲವೆ ಎಂದು ಹಲವರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಡೆಬಿಯನ್ನಿನ ಪರಿಶೀಲಕರು ಎರಡು ಉತ್ತರಗಳನ್ನು ಕೊಟ್ಟರು. ಒಪ್ಪಿಗೆಯಿದ್ದರೆ ಅದನ್ನು ಒಂದು ವಾಕ್ಯದಲ್ಲಿ ಬರೆದುಕೊಡಬಹುದು; ಊಹೆಯ ಮೇಲೆ ಹಂಚಲಾಗದು. ಅಲ್ಲದೆ, ಕೆಲವು ಕ್ರಮವಿಧಿಗಳು ಬೇರೆಯವರ ಹಳೆಯ ಜಿ.ಪಿ.ಎಲ್. ಕೃತಿಗಳಿಂದ ಬೆಳೆದುವು, ಆ ಮೂಲಕರ್ತೃಗಳ ಪರವಾಗಿ ಒಪ್ಪಿಗೆ ಕೊಡಲು ಕೆ.ಡಿ.ಇ.ಯವರಿಗೆ ಅಧಿಕಾರವಿಲ್ಲ. ಈ ಎರಡನೆಯ ಕಾರಣವೇ ಬಲವಾದುದೆಂದು ನಮಗೆ ತೋರುತ್ತದೆ. ೧೯೯೮ರ ಅಕ್ಟೋಬರಿನಲ್ಲಿ ಡೆಬಿಯನ್ ಕೆ.ಡಿ.ಇ.ಯನ್ನು ತನ್ನ ಸಂಗ್ರಹದಿಂದ ತೆಗೆದುಹಾಕಿತು.

ಇದರಿಂದ ನಷ್ಟಹೊಂದಿದವರು ಬಳಕೆದಾರರು. ಬೇರೆ ಹಂಚಿಕೆಗಳಲ್ಲಿ ಕೆ.ಡಿ.ಇ. ದೊರೆಯುತ್ತಿರಲು ಡೆಬಿಯನ್ನಿನಲ್ಲಿ ಮಾತ್ರ ಇಲ್ಲವಾಯಿತು. ಆದರೆ ಅದೇ ಸಮಯದಲ್ಲಿ ಪರವಾನಗಿಯ ಒತ್ತಡವು ಇತರ ಕಡೆಗಳಲ್ಲಿಯೂ ಫಲಕೊಟ್ಟಿತು. ೧೯೯೭ರಲ್ಲಿಯೇ ಮಿಗೆಲ್ ದೆ ಇಕಾಸ ಮತ್ತು ಫೆಡೆರಿಕೊ ಮೆನಾ ಅವರು ಸ್ವತಂತ್ರವಾದ ಉಪಕರಣಗಳ ಮೇಲೆ ಗ್ನೋಮ್ ಎಂಬ ಬೇರೊಂದು ಮೇಜುಮುಖವನ್ನು ಆರಂಭಿಸಿದ್ದರು. ಟ್ರೋಲ್‌ಟೆಕ್ ೧೯೯೯ರಲ್ಲಿ ಕ್ಯೂಟಿಯ ಎರಡನೆಯ ಆವೃತ್ತಿಯನ್ನು ಕ್ಯೂ.ಪಿ.ಎಲ್. ಎಂಬ ಹೊಸ ಪರವಾನಗಿಯ ಮೇಲೆ ಹೊರತಂದಿತು. ಅದು ಸ್ವತಂತ್ರ ಪರವಾನಗಿಯೆಂದು ಒಪ್ಪಿತವಾಯಿತು. ಆದರೂ ಸಮಸ್ಯೆ ಬಗೆಹರಿಯಲಿಲ್ಲ. ಏಕೆಂದರೆ ಕ್ಯೂ.ಪಿ.ಎಲ್. ಮತ್ತು ಜಿ.ಪಿ.ಎಲ್. ಬಿಡಿಯಾಗಿ ಎರಡೂ ಸ್ವತಂತ್ರ, ಒಂದೇ ಕೃತಿಯಲ್ಲಿ ಕೂಡಿದಾಗ ಪರಸ್ಪರ ವಿರುದ್ಧ. ೨೦೦೦ದ ಸೆಪ್ಟೆಂಬರಿನಲ್ಲಿ ಕ್ಯೂಟಿಯು ಜಿ.ಪಿ.ಎಲ್. ಪರವಾನಗಿಯ ಮೇಲೆಯೂ ದೊರೆಯುವಂತಾದ ಮೇಲೆಯೇ ತೊಡಕು ನಿವಾರಣೆಯಾಯಿತು. ಅದಕ್ಕೆ ಒಂದು ತಿಂಗಳು ಮೊದಲು ಪ್ರಕಟವಾಗಿದ್ದ ಡೆಬಿಯನ್ ೨.೨ರಲ್ಲಿ ಕೆ.ಡಿ.ಇ. ಇರಲಿಲ್ಲ; ೨೦೦೨ರ ಜುಲೈಯಲ್ಲಿ ಬಂದ ೩.೦ರಲ್ಲಿ ಅದು ಸೇರಿತು. ಪರವಾನಗಿಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರೆ ಸಾಲದು, ಅವುಗಳ ಕೂಟವನ್ನೂ ಪರೀಕ್ಷಿಸಬೇಕೆಂಬ ಪಾಠವನ್ನು ಈ ಪ್ರಸಂಗವು ಕಲಿಸಿತು.

ಮೂರನೆಯದು ಸಣ್ಣದಾದರೂ ಸ್ವಾರಸ್ಯವಾದುದು. ಡಗ್ಲಸ್ ಕ್ರಾಕ್‌ಫರ್ಡ್ ಅವರು ತಮ್ಮ ಜೇಸನ್ ಸಂಬಂಧವಾದ ತಂತ್ರಾಂಶದ ಪರವಾನಗಿಯಲ್ಲಿ, ಇದನ್ನು ಒಳಿತಿಗಾಗಿ ಬಳಸತಕ್ಕದ್ದು, ಕೆಡುಕಿಗಲ್ಲ ಎಂಬ ಅರ್ಥದ ಒಂದು ವಾಕ್ಯವನ್ನು ಸೇರಿಸಿದರು. ಇಂಥ ಸದಾಶಯಕ್ಕೆ ಯಾರು ಬೇಡವೆಂದಾರು? ಡೆಬಿಯನ್ ಬೇಡವೆಂದಿತು. ಒಳಿತು ಯಾವುದು, ಕೆಡುಕು ಯಾವುದು, ನಿರ್ಣಯಿಸುವವರು ಯಾರು ಎಂಬುದನ್ನು ಪರವಾನಗಿ ಹೇಳುವುದಿಲ್ಲ. ಉಪಯೋಗದ ಉದ್ದೇಶವನ್ನು ಕಟ್ಟುಪಡಿಸುವ ಮಾತು ಆರನೆಯ ಸೂತ್ರಕ್ಕೆ ವಿರುದ್ಧವೂ ಹೌದು. ಪಿ.ಎಚ್.ಪಿ. ಭಾಷೆಯಲ್ಲಿ ಈ ವಾಕ್ಯಕ್ಕೆ ಒಳಪಟ್ಟಿದ್ದ ಭಾಗವನ್ನು ೨೦೧೫ರಲ್ಲಿ ಪ್ರಕಟವಾದ ಏಳನೆಯ ಆವೃತ್ತಿಯಲ್ಲಿ ಕೈಬಿಟ್ಟು ಬೇರೊಂದನ್ನು ಇಡಲಾಯಿತು.

೫

ಇಂಥ ಅನುಭವಗಳಿಂದ ಪರಿಶೀಲನೆಯ ಒಂದು ಪದ್ಧತಿ ಬೆಳೆಯಿತು. ಹೊಸ ಪ್ಯಾಕೇಜನ್ನು ಕಟ್ಟುವವನು ಮುಖಪತ್ರದಲ್ಲಿರುವ ಪರವಾನಗಿಯನ್ನಷ್ಟೇ ನಂಬದೆ, ಆಕರದ ಕಡತಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ಹೊರಗೆ ಒಂದು ಪರವಾನಗಿಯಿದ್ದು ಒಳಗಿನ ಯಾವುದೋ ಕಡತದಲ್ಲಿ, ಚಿತ್ರದಲ್ಲಿ ಅಥವಾ ಅಕ್ಷರಮುಖದಲ್ಲಿ ಬೇರೊಂದಿರುವುದು ಅಪರೂಪವಲ್ಲ. ತಿಳಿದುದನ್ನೆಲ್ಲ ‘ಕಾಪಿರೈಟ್’ ಎಂಬ ಹೆಸರಿನ ಒಂದು ಕಡತದಲ್ಲಿ ಬರೆಯಬೇಕು. ಪ್ರತಿಯೊಂದು ಪ್ಯಾಕೇಜಿನೊಡನೆಯೂ ಈ ಕಡತ ಇರಲೇಬೇಕು. ಮುಂದೆ, ಸಂಗ್ರಹದ ಹೊಣೆ ಹೊತ್ತ ಬೇರೆ ಸದಸ್ಯರು ಅದನ್ನು ಮತ್ತೆ ಓದಿ ಒಪ್ಪಿದ ನಂತರವೇ ಹೊಸ ಪ್ಯಾಕೇಜಿಗೆ ಪ್ರವೇಶ. ಸೂತ್ರಗಳಿಗೆ ಹೊಂದಿದುದು ಮುಖ್ಯ ಭಾಗಕ್ಕೆ ಸೇರುತ್ತದೆ. ತಾನು ಸ್ವತಂತ್ರವಾಗಿದ್ದು ಅಸ್ವತಂತ್ರವಾದ ಮತ್ತೊಂದನ್ನು ಅವಲಂಬಿಸಿದುದು ‘ಕಾಂಟ್ರಿಬ್’ ಎಂಬ ವಿಭಾಗಕ್ಕೆ, ಹಂಚಲು ಮಾತ್ರ ಅನುಮತಿಯುಳ್ಳದ್ದು ಅಸ್ವತಂತ್ರ ವಿಭಾಗಕ್ಕೆ ಹೋಗುತ್ತದೆ. ೨೦೨೩ರಲ್ಲಿ ಪ್ರಕಟವಾದ ಡೆಬಿಯನ್ ೧೨ರಲ್ಲಿ ಪ್ಯಾಕೇಜುಗಳ ಸಂಖ್ಯೆ ೬೪ ಸಾವಿರವನ್ನು ಮೀರಿತ್ತೆಂಬುದನ್ನು ನೆನೆದರೆ ಈ ಶ್ರಮದ ಪ್ರಮಾಣ ತಿಳಿದೀತು.

ಸಂದಿಗ್ಧವಾದ ವಾಕ್ಯಗಳನ್ನು ಒರೆಗೆ ಹಚ್ಚಲು ಅವರು ಕೆಲವು ಕಲ್ಪಿತ ಪ್ರಸಂಗಗಳನ್ನೂ ಬಳಸಿದರು. ನಿರ್ಜನ ದ್ವೀಪದಲ್ಲಿ ಒಂದು ಗಣಕದೊಡನೆ ಸಿಕ್ಕಿಬಿದ್ದವನು ಪರವಾನಗಿಯನ್ನು ಪಾಲಿಸಬಲ್ಲನೆ? ತಿದ್ದುಪಡಿಗಳನ್ನೆಲ್ಲ ಮೂಲಕರ್ತೃವಿಗೆ ಕಳುಹಿಸಬೇಕೆಂಬ ನಿಯಮವಿದ್ದರೆ ಅವನಿಗೆ ಸಾಧ್ಯವಿಲ್ಲ. ದಬ್ಬಾಳಿಕೆಯ ಸರಕಾರದ ಕೆಳಗಿರುವ ಭಿನ್ನಮತೀಯನು ತನ್ನ ಹೆಸರನ್ನು ಪ್ರಕಟಿಸದೆ ಸಂಗಡಿಗರೊಡನೆ ತಂತ್ರಾಂಶವನ್ನು ಹಂಚಿಕೊಳ್ಳಬಲ್ಲನೆ? ಕರ್ತೃವು ನಾಳೆ ಮನಸ್ಸು ಬದಲಾಯಿಸಿದರೆ, ಇಂದು ಕೊಟ್ಟ ಸ್ವಾತಂತ್ರ್ಯವನ್ನು ಹಿಂದಕ್ಕೆ ಪಡೆಯಬಲ್ಲನೆ? ಇವು ಸೂತ್ರಗಳ ಭಾಗವಲ್ಲ, ಸೂತ್ರಗಳನ್ನು ಅರ್ಥಮಾಡಿಕೊಳ್ಳುವ ಉಪಾಯಗಳು. ನಮ್ಮ ಮೀಮಾಂಸಕರು ವಿಧಿವಾಕ್ಯದ ಅರ್ಥವನ್ನು ನಿರ್ಣಯಿಸಲು ನ್ಯಾಯಗಳನ್ನು ಏರ್ಪಡಿಸಿಕೊಂಡುದು ಇದನ್ನು ಓದುವಾಗ ನೆನಪಿಗೆ ಬರುತ್ತದೆ.

ಸಣ್ಣ ನಿಯಮಗಳೂ ಕೂಡಿದಾಗ ಹೊರೆಯಾಗುತ್ತವೆಂಬುದಕ್ಕೆ ಬಿ.ಎಸ್.ಡಿ. ಪರವಾನಗಿಯ ಹಳೆಯ ಜಾಹೀರಾತಿನ ನಿಯಮ ಉದಾಹರಣೆ. ಈ ತಂತ್ರಾಂಶವನ್ನು ಹೆಸರಿಸುವ ಪ್ರತಿಯೊಂದು ಜಾಹೀರಾತಿನಲ್ಲಿಯೂ ಕರ್ತೃಸಂಸ್ಥೆಗೆ ಕೃತಜ್ಞತೆ ಹೇಳಬೇಕೆಂದು ಅದು ವಿಧಿಸುತ್ತಿತ್ತು. ಒಂದು ವಾಕ್ಯವೆಂದರೆ ಹೆಚ್ಚಲ್ಲ. ಆದರೆ ಅನೇಕರು ಅದನ್ನು ಅನುಕರಿಸಿ ತಮ್ಮ ತಮ್ಮ ಹೆಸರುಗಳನ್ನು ಸೇರಿಸಿದರು. ೧೯೯೭ರ ನೆಟ್‌ಬಿ.ಎಸ್.ಡಿ.ಯ ಒಂದು ಆವೃತ್ತಿಯಲ್ಲಿ ಇಂಥ ವಾಕ್ಯಗಳು ೭೫ ಇದ್ದುವೆಂದು ಸ್ಟಾಲ್ಮನ್ ಎಣಿಸಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ೧೯೯೯ರ ಜುಲೈಯಲ್ಲಿ ತನ್ನ ಪಾಲಿನ ನಿಯಮವನ್ನು ರದ್ದುಗೊಳಿಸಿತು.

೬

ಇಷ್ಟೆಲ್ಲ ಕಟ್ಟುನಿಟ್ಟು ಅತಿರೇಕವಲ್ಲವೆ ಎಂಬ ಆಕ್ಷೇಪವನ್ನು ನಿರ್ಲಕ್ಷಿಸುವಂತಿಲ್ಲ. ಬಳಕೆದಾರನಿಗೆ ಬೇಕಾದುದು ನಡೆಯುವ ಯಂತ್ರ, ವ್ಯಾಖ್ಯಾನವಲ್ಲ. ಮಿತ್ರರೇ ಪರೀಕ್ಷೆಯಲ್ಲಿ ಸೋತ ಪ್ರಸಂಗವೂ ಉಂಟು. ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಕೈಪಿಡಿಗಳಿಗಾಗಿ ರಚಿಸಿದ ಪರವಾನಗಿಯು, ಕೆಲವು ಭಾಗಗಳನ್ನು ಯಾರೂ ಬದಲಾಯಿಸಕೂಡದೆಂದು ಗೊತ್ತುಪಡಿಸಲು ಕರ್ತೃವಿಗೆ ಅವಕಾಶ ಕೊಡುತ್ತದೆ. ೨೦೦೬ರಲ್ಲಿ ಡೆಬಿಯನ್ ಸದಸ್ಯರು ಮತದಾನದಿಂದ, ಅಂಥ ಭಾಗಗಳಿಲ್ಲದ ಕೈಪಿಡಿ ಸ್ವತಂತ್ರ, ಇದ್ದರೆ ಅಲ್ಲ ಎಂದು ತೀರ್ಮಾನಿಸಿದರು. ಇದರಿಂದ ಗ್ನೂ ಯೋಜನೆಯ ಪ್ರಥಮ ಫಲಗಳಲ್ಲೊಂದಾದ ಈಮ್ಯಾಕ್ಸಿನ ಕೈಪಿಡಿಯೇ ಅಸ್ವತಂತ್ರ ವಿಭಾಗಕ್ಕೆ ಹೋಯಿತು. ಗುರುವಿನ ಗ್ರಂಥಕ್ಕೂ ಅದೇ ಅಳತೆಗೋಲನ್ನು ಹಿಡಿದುದು ಕೆಲವರಿಗೆ ಕೃತಘ್ನತೆಯೆಂದು ಕಂಡಿತು. ಅಳೆಯುವ ಕೋಲು ಆಳಿಗೊಂದು ಬಗೆಯಾದರೆ ಅದು ಅಳತೆಯಾಗುವುದಿಲ್ಲವೆಂದು ನಮಗೆ ತೋರುತ್ತದೆ.

ಆದರೆ ಕೋಲು ಎಂದೂ ಬಾಗಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಇಂದಿನ ಗಣಕಗಳಲ್ಲಿ ನಿಸ್ತಂತು ಸಾಧನ ಮೊದಲಾದವು ಕೆಲಸಮಾಡಲು ಫರ್ಮ್‌ವೇರ್ ಎಂಬ ಸಣ್ಣ ಕಡತಗಳು ಬೇಕು. ಅವುಗಳಲ್ಲಿ ಅನೇಕಕ್ಕೆ ಆಕರ ಸಂಕೇತ ದೊರೆಯುವುದಿಲ್ಲ. ಅವಿಲ್ಲದೆ ವ್ಯವಸ್ಥೆಯನ್ನು ಸ್ಥಾಪಿಸುವುದೇ ಹಲವರಿಗೆ ಕಷ್ಟವಾಯಿತು. ೨೦೨೨ರಲ್ಲಿ ಸದಸ್ಯರು ಮತ ಚಲಾಯಿಸಿ, ಸಾಮಾಜಿಕ ಒಡಂಬಡಿಕೆಗೇ ತಿದ್ದುಪಡಿ ಮಾಡಿ, ಅಧಿಕೃತ ಸ್ಥಾಪನಾ ಸಾಧನದಲ್ಲಿ ಅಂಥ ಕಡತಗಳನ್ನು ಇಡಲು ಒಪ್ಪಿದರು. ಡೆಬಿಯನ್ ೧೨ರಿಂದ ಅವಕ್ಕೆ ಪ್ರತ್ಯೇಕ ವಿಭಾಗವೇ ಏರ್ಪಟ್ಟಿದೆ. ಇದನ್ನು ಸೋಲೆಂದು ಕರೆಯುವವರಿದ್ದಾರೆ, ವಿವೇಕವೆಂದು ಕರೆಯುವವರೂ ಇದ್ದಾರೆ. ಚರಿತ್ರೆಯ ದೃಷ್ಟಿಯಿಂದ ಗಮನಿಸಬೇಕಾದುದು ಇದು: ನಿಯಮವನ್ನು ಗುಟ್ಟಾಗಿ ಮುರಿಯದೆ ಬಹಿರಂಗವಾಗಿ ತಿದ್ದಿದರು, ಅಸ್ವತಂತ್ರವಾದುದನ್ನು ಸ್ವತಂತ್ರವೆಂದು ಕರೆಯಲಿಲ್ಲ.

೭

ಈ ವಿಚಾರವು ಕನ್ನಡಕ್ಕೆ ದೂರದ್ದೇನೂ ಅಲ್ಲ. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಮುಖಗಳೂ ಲೋಹಿತ್ ಮಾಲೆಯ ಕನ್ನಡ ಅಕ್ಷರಮುಖವೂ ಡೆಬಿಯನ್ನಿನಲ್ಲಿ ಪ್ಯಾಕೇಜುಗಳಾಗಿ ಸೇರಿವೆ. ಅಕ್ಷರಮುಖದ ವಿಷಯದಲ್ಲಿ ಪರವಾನಗಿಯ ಪ್ರಶ್ನೆ ವಿಶೇಷ ಸೂಕ್ಷ್ಮವಾದುದು. ಒಂದು ಲೇಖನವನ್ನು ಪಿ.ಡಿ.ಎಫ್. ರೂಪಕ್ಕೆ ತಂದಾಗ ಅಕ್ಷರಮುಖದ ಅಂಶವು ಆ ಕಡತದೊಳಗೆ ಸೇರುತ್ತದೆ. ಹಾಗಾದರೆ ಜಿ.ಪಿ.ಎಲ್. ಹೊತ್ತ ಅಕ್ಷರಮುಖದಲ್ಲಿ ಅಚ್ಚಾದ ಲೇಖನವೂ ಜಿ.ಪಿ.ಎಲ್. ನಿಯಮಕ್ಕೆ ಒಳಪಡುವುದೆ? ಈ ಸಂದೇಹವನ್ನು ನೀಗಲು ಜಿ.ಪಿ.ಎಲ್. ಪತ್ರಕ್ಕೆ ಅಕ್ಷರಮುಖದ ವಿನಾಯಿತಿಯೊಂದನ್ನು ಸೇರಿಸುವ ರೂಢಿ ಬಂದಿತು, ಅಕ್ಷರಮುಖಗಳಿಗೆಂದೇ ಓ.ಎಫ್.ಎಲ್. ಎಂಬ ಪರವಾನಗಿಯೂ ರಚಿತವಾಯಿತು. ಮೊದಲು ಜಿ.ಪಿ.ಎಲ್. ಮೇಲೆ ಬಂದ ಲೋಹಿತ್ ೨೦೧೧ರಲ್ಲಿ ಓ.ಎಫ್.ಎಲ್. ಪರವಾನಗಿಗೆ ಬದಲಾಯಿತು. ನಮ್ಮ ಕಾಲೇಜುಗಳಲ್ಲಿ ಪುಸ್ತಕವನ್ನು ಅಚ್ಚುಹಾಕಿಸುವವರು, ನಿಘಂಟು ಪಠ್ಯಗಳನ್ನು ಗಣಕಕ್ಕೆ ಏರಿಸುವವರು, ಅದನ್ನು ಪುಕ್ಕಟೆಯಾಗಿ ಹಂಚಿದರೆ ಸಾಕೆಂದು ಭಾವಿಸುವುದುಂಟು. ಹಂಚುವುದರ ಜೊತೆಗೆ ಯಾವ ಹಕ್ಕುಗಳನ್ನು ಕೊಟ್ಟಿದ್ದೇವೆಂದು ಬರೆದಿಡದಿದ್ದರೆ, ಮುಂದಿನವನು ಅದನ್ನು ಮುಟ್ಟಲಾರ.

ಒಟ್ಟಿನಲ್ಲಿ ಹೇಳುವುದಾದರೆ, ಪರವಾನಗಿಯ ಪರಿಶೀಲನೆಯು ತರ್ಕದ ಚಾಪಲ್ಯದಿಂದ ಹುಟ್ಟಿದುದಲ್ಲ. ಲಿನಕ್ಸ್, ಪೈನ್, ಕ್ಯೂಟಿ ಮುಂತಾದುವುಗಳ ವಿಷಯದಲ್ಲಿ ಪಟ್ಟ ಅನುಭವದಿಂದ ಹುಟ್ಟಿದುದು. ಹತ್ತು ಸೂತ್ರಗಳಲ್ಲಿ ಪ್ರತಿಯೊಂದರ ಹಿಂದೆಯೂ, ಹಂಚಬಯಸಿ ಹಂಚಲಾರದೆ ಹೋದ ಯಾವನೋ ಒಬ್ಬನನ್ನು ನಾವು ಊಹಿಸಿಕೊಳ್ಳಬಹುದು. ಶಾಸನಗಳನ್ನು ಅಭ್ಯಾಸಮಾಡುವ ವಿದ್ಯಾರ್ಥಿಯು ದಾನಕೊಟ್ಟವನ ಬಿರುದಾವಳಿಯನ್ನು ಬಿಟ್ಟು, ದಾನದ ಷರತ್ತುಗಳನ್ನು ಮೊದಲು ಓದಲು ಕಲಿಯುತ್ತಾನೆ. ನಮ್ಮ ಕಾಲದ ಈ ದಾನಪತ್ರಗಳನ್ನೂ ಅದೇ ಎಚ್ಚರದಿಂದ ಓದುವ ಅಭ್ಯಾಸವು ಇತಿಹಾಸದ ತರಗತಿಗಳಲ್ಲಿ ಬೆಳೆಯಲೆಂದು ನಾವು ಆಶಿಸುತ್ತೇವೆ.